ಆರಾಧನೆಯ ಮಧ್ಯೆ ಸ್ವಲ್ಪ ಹೊತ್ತು ಮೈಕ್ ಆಫ್ ಮಾಡಿ ಅಂತ ಫಾದರ್‌ನ ಕೇಳಬಹುದಾ?

ಲ್ಯಾಬ್ ಶಿಫ್ಟ್:
ಎಲ್ಲರಿಗೂ ನಮಸ್ಕಾರ. ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಹೊಂಗಸಂದ್ರ ಕಡೆ. ನಮ್ಮ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ತಿಂಗಳ ಮೊದಲ ಶುಕ್ರವಾರ ಸಂಜೆ ಬಲಿಪೂಜೆ (ಮಾಸ್) ಆದ ಮೇಲೆ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ, ಆರಾಧನೆ ಇರುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ, ಬೆವರು ಒರೆಸಿಕೊಂಡು ಓಡಿ ಹೋಗುತ್ತೇನೆ.

ಪರಮಪ್ರಸಾದವನ್ನು ಪೀಠದ ಮೇಲೆ ಇಟ್ಟ ಕೂಡಲೇ ಕೀಬೋರ್ಡ್ ಶುರು. ಒಂದು ಹಾಡು ಮುಗಿಯುವ ಮುಂಚೆ ಇನ್ನೊಂದು. ಮಧ್ಯೆ ಒಬ್ಬರು ಮೈಕ್ ಹಿಡಿದು "ಕೈ ಎತ್ತಿ, ಜೋರಾಗಿ ಸ್ತುತಿಸಿ" ಅನ್ನುತ್ತಾರೆ. ಕಾಯಿಲೆಯವರಿಗೆ, ಸಾಲ ಮಾಡಿದವರಿಗೆ, ಮದುವೆ ಆಗದವರಿಗೆ ಬೇರೆ ಬೇರೆ ಪ್ರಾರ್ಥನೆ. ಕೊನೆಗೆ ಆಶೀರ್ವಾದ, ಫ್ಯಾನ್ ಆಫ್, ಎಲ್ಲರೂ ಹೊರಗೆ. ಇಡೀ ದಿನ ಮೆಷಿನ್‌ಗಳ ಬೀಪ್ ಕೇಳಿ ಬಂದವಳಿಗೆ ಅಲ್ಲೂ ಸದ್ದೇ.

ಹಾಡಿನ ಮೇಲೆ ನನಗೆ ಕೋಪ ಇಲ್ಲ. ಅಮ್ಮನಿಗೆ ಅದೇ ಇಷ್ಟ, ಅತ್ತು ಹಗುರಾಗಿ ಬರುತ್ತಾರೆ. ಆದರೆ ಸುಮ್ನೆ ಕೂರಲು ಒಂದಿಷ್ಟು ಹೊತ್ತು ಕೊಡಿ ಅಂತ ಕೇಳಿದರೆ ಅತಿ ಆಗುತ್ತದಾ? ಕಥೋಲಿಕ ಸಭೆಯ ನಿಯಮ ಏನಿದೆ, ಗೊತ್ತಿದ್ದವರು ಹೇಳಿ.

ಗಿಟಾರ್ ಅಣ್ಣ:
ನಾನೂ ಕ್ವಾಯರ್‌ನವನೇ ತಂಗಿ, ಬೇರೆ ಧರ್ಮಕೇಂದ್ರ. ನಮ್ಮ ಕಷ್ಟ ಕೇಳಿ. ಮೌನ ಅಂತ ಬಿಟ್ಟರೆ ಎರಡು ನಿಮಿಷಕ್ಕೆ ಮೊಬೈಲ್ ಹೊರಗೆ ಬರುತ್ತದೆ. ಹಿಂದಿನ ಬೆಂಚಿನವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಮುಂದಿನವರು ತೂಕಡಿಸುತ್ತಾರೆ. ಅದಕ್ಕೇ ಹಾಡುತ್ತೇವೆ.

ಹಳೇ ಉಪದೇಶಿ:
ಮಗಳೇ, ಧಾರಾಳವಾಗಿ ಕೇಳು. ಬಲಿಪೂಜೆಯ ಹೊರಗೆ ಪರಮಪ್ರಸಾದವನ್ನು ಆರಾಧಿಸುವ ವಿಧಿಯನ್ನು ರೋಮ್ 1973ರಲ್ಲಿ ಹೊಸದಾಗಿ ಕೊಟ್ಟಿತು. ಅದರಲ್ಲಿ ಹಾಡು ಇದೆ, ಬೈಬಲ್ ವಾಚನ ಇದೆ, ಚಿಕ್ಕ ಪ್ರಬೋಧನೆಯೂ ಇರಬಹುದು. ಜೊತೆಗೆ ಮೌನ ಪ್ರಾರ್ಥನೆಗೂ ಸಮಯ ಇರಬೇಕು ಅಂತ ಬರೆದೇ ಇದೆ. ಅಂದ ಮೇಲೆ ನೀನು ಕೇಳುತ್ತಿರುವುದು ವಿಧಿಯಲ್ಲೇ ಇರುವುದನ್ನು. ಬರೀ ಆಶೀರ್ವಾದ ಕೊಡಲಿಕ್ಕೆ ಅಂತ ಪರಮಪ್ರಸಾದವನ್ನು ಹೊರಗೆ ಇಡುವುದನ್ನೂ ಅದೇ ವಿಧಿ ಬೇಡ ಅನ್ನುತ್ತದೆ. ಮೊದಲು ಜನ ಸ್ವಲ್ಪ ಹೊತ್ತು ಪ್ರಾರ್ಥಿಸಬೇಕು, ಆಮೇಲೆ ಆಶೀರ್ವಾದ.

ಆ ಆಶೀರ್ವಾದವನ್ನೇ ಗಮನಿಸಿ ನೋಡು. ಗುರುಗಳು ಹೆಗಲ ಮೇಲೆ ಒಂದು ಶಾಲು ಹೊದ್ದು, ಅದರ ಅಂಚಿನಲ್ಲಿ ಕೈ ಮುಚ್ಚಿಕೊಂಡೇ ಮೊನ್‌ಸ್ಟ್ರೆನ್ಸ್ (ಪರಮಪ್ರಸಾದವನ್ನು ಕಾಣುವಂತೆ ಇಡುವ ಪಾತ್ರೆ) ಎತ್ತುತ್ತಾರೆ. ಆಶೀರ್ವಾದ ತಮ್ಮದಲ್ಲ, ಯೇಸುಸ್ವಾಮಿಯದು ಅಂತ ತೋರಿಸಲಿಕ್ಕೆ. ಶಿಲುಬೆ ಗುರುತು ಮಾಡುವಾಗ ಬಾಯಲ್ಲಿ ಒಂದು ಮಾತೂ ಇಲ್ಲ. ಗುರುಗಳೇ ಇಷ್ಟು ಹಿಂದೆ ಸರಿಯುವ ಕಡೆ ಮೈಕ್ ಹಿಡಿದವರು ಮುಂದೆ ಬರುವುದು ನನಗೆ ಸರಿ ಕಾಣುವುದಿಲ್ಲ. ಜನ ಹೋಗಿಬಿಡುತ್ತಾರೆ ಅನ್ನುವ ಭಯ ಇದು, ಭಕ್ತಿ ಅಂತ ನಾನು ಅನ್ನುವುದಿಲ್ಲ. ಗಿಟಾರ್ ಅಣ್ಣ ಬೇಜಾರು ಮಾಡಿಕೊಳ್ಳಬಾರದು.

ಇನ್ನು ತೂಕಡಿಕೆ. ಗುರುವಾರ ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗೆ ಕೂರುವ ಭಕ್ತಿ 17ನೇ ಶತಮಾನದಲ್ಲಿ ಫ್ರಾನ್ಸಿನ ಸಂತ ಮಾರ್ಗರೆಟ್ ಮೇರಿಯಿಂದ ಹಬ್ಬಿದ್ದು. ಮೊದಲ ಶುಕ್ರವಾರದ ಭಕ್ತಿಯೂ ಅವರಿಂದಲೇ. ಯೇಸುಸ್ವಾಮಿಯನ್ನು ಬಂಧಿಸುವ ಮುಂಚೆ ಅವರು ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸಿದ ರಾತ್ರಿಯ ನೆನಪು ಅದು. ಅಲ್ಲಿ ಶಿಷ್ಯ ಪೇತ್ರನೂ ನಿದ್ದೆ ಹೋದ. ಯೇಸುಸ್ವಾಮಿ ಎಬ್ಬಿಸಿದರು, "ಒಂದು ಗಂಟೆ ಎಚ್ಚರ ಇರಲು ಆಗಲಿಲ್ಲವೇ" ಅಂದರು. ಹಾಡಿಸಲಿಲ್ಲ.

ಫಾದರ್ ಹತ್ತಿರ ಹೋಗಿ "ಮೌನ ಬೇಕು" ಅಂತಷ್ಟೇ ಹೇಳಬೇಡ, ಅದು ದೂರು ಅನಿಸುತ್ತದೆ. ಶುಭಸಂದೇಶ ಓದಿದ ಮೇಲೆ ಹದಿನೈದು ನಿಮಿಷ ಬಿಡಿ, ಆಮೇಲೆ ಹಾಡೋಣ ಅಂತ ಕೇಳು. ಯೇಸುಸ್ವಾಮಿ "ಜೀವದ ರೊಟ್ಟಿ ನಾನೇ" ಅನ್ನುವ ಯೊವಾನ್ನ 6ನೇ ಅಧ್ಯಾಯ ಓದಿಸಿದರೆ ಇನ್ನೂ ಒಳ್ಳೆಯದು. ಕೈಯಲ್ಲಿ ಒಂದು ವಾಕ್ಯ ಇದ್ದರೆ ಜನ ಮೊಬೈಲ್ ಹುಡುಕುವುದು ಕಡಿಮೆ ಆಗುತ್ತದೆ.

ಗಿಟಾರ್ ಅಣ್ಣ:
ಉಪದೇಶಿಗಳೇ, ತೋಟಕ್ಕೆ ಹೋಗುವ ಮುಂಚೆ ಕೀರ್ತನೆ ಹಾಡಿದರು ಅಂತ ಮತ್ತಾಯ 26:30ರಲ್ಲಿದೆ. 😄

ಹಳೇ ಉಪದೇಶಿ:
ಸರಿಯಪ್ಪ, ಹಾಡಿ ಹೊರಟರು. ತೋಟದಲ್ಲಿ ಕ್ವಾಯರ್ ಇರಲಿಲ್ಲ.

ಬಸವನಗುಡಿ ಓದುಗ:
ನಾನು ಕ್ರೈಸ್ತ ಅಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ಇದು ನಮ್ಮ ದೇವರ ದರ್ಶನದ ಹಾಗೇನಾ? ಪ್ರಸಾದ ಅಂದರೆ ತಿನ್ನುವುದಲ್ವಾ, ನೋಡುತ್ತಾ ಕೂರುವುದು ಯಾಕೆ?

ಹಳೇ ಉಪದೇಶಿ:
ಒಳ್ಳೆಯ ಪ್ರಶ್ನೆ ಸಾರ್. ಕಥೋಲಿಕರೊಳಗೂ ಇದೇ ಆಕ್ಷೇಪ ಎದ್ದಿತ್ತು. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅದಕ್ಕೆ ಉತ್ತರ ಕೊಡುವಾಗ ಸಂತ ಅಗಸ್ಟೀನರ ಮಾತು ನೆನಪಿಸಿದರು: ಮೊದಲು ಆರಾಧಿಸದೆ ಯಾರೂ ಆ ಶರೀರವನ್ನು ಸೇವಿಸುವುದಿಲ್ಲ. ಬಲಿಪೂಜೆಯಲ್ಲಿ ಆ ರೊಟ್ಟಿ ಯೇಸುಕ್ರಿಸ್ತರೇ ಆಗುತ್ತದೆ ಅನ್ನುವುದು ನಮ್ಮ ನಂಬಿಕೆ. ಅದು ಗುರುತಾಗಿಯೋ ನೆನಪಿಗೋ ಇಟ್ಟದ್ದಲ್ಲ. ಹಾಗಾಗಿ ಪೂಜೆ ಮುಗಿದ ಮೇಲೂ ಅವರ ಮುಂದೆ ಕೂರುತ್ತೇವೆ. ಪರಮಪ್ರಸಾದಕ್ಕೇ ಒಂದು ಹಬ್ಬವನ್ನು 1264ರಲ್ಲಿ ಪೋಪ್ 4ನೇ ಅರ್ಬನ್ ಇಡೀ ಸಭೆಗೆ ಕೊಟ್ಟರು. ದರ್ಶನಕ್ಕೆ ಹತ್ತಿರ ಇದೆ, ಆದರೆ ನಮ್ಮದು ಊಟದಿಂದ ಶುರುವಾಗಿ ಮತ್ತೆ ಊಟಕ್ಕೇ ಕರೆದುಕೊಂಡು ಹೋಗುತ್ತದೆ.

ಇನ್ನೊಂದು ವಿಷಯ ನಿಮಗೆ ಇಷ್ಟ ಆಗಬಹುದು. 1969ರಲ್ಲಿ ಪೂಜಾವಿಧಿಯಲ್ಲಿ ಭಾರತದ ಬಿಷಪರು ಕೇಳಿದ 12 ಬದಲಾವಣೆಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಮೊಣಕಾಲು ಊರುವ ಬದಲು ಕೈಮುಗಿದು ಬಾಗುವುದು, ನೆಲದ ಮೇಲೆ ಕೂರುವುದು, ಪಂಚಾಂಗ ಪ್ರಣಾಮ, ಆರತಿ, ಎಣ್ಣೆ ದೀಪ ಎಲ್ಲ ಅದರಲ್ಲಿವೆ. ಇದಕ್ಕೆ ದುಡಿದ ಎನ್‌ಬಿಸಿಎಲ್‌ಸಿ (ಬೈಬಲ್, ಧರ್ಮೋಪದೇಶ, ಪೂಜಾವಿಧಿಗಳ ರಾಷ್ಟ್ರೀಯ ಕಥೋಲಿಕ ಕೇಂದ್ರ) ನಮ್ಮ ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲೇ ಇದೆ.

ಲ್ಯಾಬ್ ಶಿಫ್ಟ್:
ತುಂಬಾ ಥ್ಯಾಂಕ್ಸ್ ಉಪದೇಶಿಗಳೇ. ಹದಿನೈದು ಜಾಸ್ತಿ ಆಯಿತು ಅಂದರೆ ಹತ್ತಕ್ಕೆ ಇಳಿಯುತ್ತೇನೆ. ನೆಲದ ಮೇಲೆ ಕೂರುವ ವಿಷಯ ಅಮ್ಮನಿಗೆ ಹೇಳಿದೆ. "ನನ್ನ ಮಂಡಿ ನೋವಿಗೆ ರೋಮ್ ಏನು ಹೇಳಿದೆ" ಅಂತ ಕೇಳುತ್ತಿದ್ದಾರೆ.

ಹಳೇ ಉಪದೇಶಿ:
ಬೆಂಚ್ ಮೇಲೆ ಕೂತರೂ ನಡೆಯುತ್ತದೆ ಅಂತ ಹೇಳಮ್ಮ. ಫಾದರ್ ಹತ್ತಿರ ಭಾನುವಾರ ಪೂಜೆ ಆದ ತಕ್ಷಣ ಹೋಗಬೇಡ, ಆಗ ನೂರು ಜನ ಸುತ್ತ ಇರುತ್ತಾರೆ. ವಾರದ ಮಧ್ಯೆ ಹೋಗು. ಕ್ವಾಯರ್ ಲೀಡರ್‌ಗೆ ಮೊದಲೇ ಒಂದು ಮಾತು ಹಾಕು.