ಸರಿಪಡಿಸಿದ ಹೃದಯದ ತಪಾಸಣೆ: ‘ಕಾರ್ಯ ಚೆನ್ನಾಗಿದೆ’ ಎಂದ ಮೇಲೂ ಎಂ.ಆರ್.ಐ. ಬೇಕೇ? ಅನುಭವಸ್ಥರು ತಿಳಿಸಿ

ಪ್ರಶ್ನೆ

ನನ್ನ ಮಗಳಿಗೆ ಈಗ 14 ವರ್ಷ. ಟೆಟ್ರಾಲಜಿ ಆಫ್ ಫ್ಯಾಲೊ ಎಂಬ ಹುಟ್ಟಿನಿಂದ ಬಂದ ಹೃದಯದೋಷಕ್ಕಾಗಿ ಅವಳಿಗೆ 11 ತಿಂಗಳಾಗಿದ್ದಾಗ ಶಸ್ತ್ರಚಿಕಿತ್ಸೆ ಮಾಡಿ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿಯನ್ನು ತೇಪೆ ಹಾಕಿ ಅಗಲಿಸಿದರು. ಪ್ರತಿವರ್ಷ ಎಕೋ (ಶಬ್ದತರಂಗಗಳಿಂದ ಹೃದಯವನ್ನು ನೋಡುವ ಪರೀಕ್ಷೆ) ತಪ್ಪಿಸಿಲ್ಲ. ಈ ಸಲದ ವರದಿಯಲ್ಲಿ ‘ಬಲ ಹೃತ್ಕುಕ್ಷಿ ಸ್ವಲ್ಪ ಹಿಗ್ಗಿದೆ, ಕಾರ್ಯ ಚೆನ್ನಾಗಿದೆ’ ಎಂದಿದೆ (ಬಲ ಹೃತ್ಕುಕ್ಷಿ ಎಂದರೆ ಶ್ವಾಸಕೋಶಕ್ಕೆ ರಕ್ತ ದೂಡುವ ಹೃದಯದ ಕೋಣೆ). ಆದರೂ ವೈದ್ಯರು ಎಂ.ಆರ್.ಐ. ಮಾಡಿಸಲು ಹೇಳಿದ್ದಾರೆ. ಮಗಳು ಓಡಾಡಿಕೊಂಡು ಗೆಲುವಾಗಿದ್ದಾಳೆ, ಯಾವ ತೊಂದರೆಯನ್ನೂ ಹೇಳಿಲ್ಲ. ಹಾಗಿರುವಾಗ ಇನ್ನೊಂದು ಪರೀಕ್ಷೆ ಏಕೆಂದು ತಿಳಿಯದೆ ಮನಸ್ಸು ಕಳವಳಗೊಂಡಿದೆ. ಇದನ್ನು ಕಂಡುಂಡವರು ದಯವಿಟ್ಟು ತಿಳಿಸಿಕೊಡಿ.

ಇದೇ ಶಸ್ತ್ರಚಿಕಿತ್ಸೆಯಾದ, ಈಗ 36 ವರ್ಷದವರ ಉತ್ತರ

ನಿಮ್ಮ ಮಗಳಂತೆಯೇ ನನಗೂ ಯಾವ ತೊಂದರೆಯೂ ಇರಲಿಲ್ಲ, ಅಥವಾ ಇಲ್ಲವೆಂದು ನಾನು ನಂಬಿದ್ದೆ. 27ನೇ ವಯಸ್ಸಿನಲ್ಲಿ ಮುಖಕ್ಕೆ ಉಸಿರು ಅಳೆಯುವ ಮಾಸ್ಕ್ ಕಟ್ಟಿ ಸೈಕಲ್ ತುಳಿಸುವ ಪರೀಕ್ಷೆ ಮಾಡಿದಾಗ, ದೇಹ ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ನನ್ನ ವಯಸ್ಸಿನವರಿಗಿಂತ ಬಹಳ ಕೆಳಗಿತ್ತು. ಮೂರನೆಯ ಮಹಡಿ ಹತ್ತುವಾಗ ಒಂದು ಕ್ಷಣ ನಿಲ್ಲುವುದು ನನ್ನ ಸ್ವಭಾವ ಎಂದುಕೊಂಡಿದ್ದೆ. ಚಿಕ್ಕಂದಿನಿಂದ ಅಭ್ಯಾಸವಾದ ದಣಿವು ದಣಿವೆಂದು ಗೊತ್ತಾಗುವುದಿಲ್ಲ. ಆದ್ದರಿಂದ ‘ನನಗೇನೂ ಆಗಿಲ್ಲ’ ಎಂಬ ನಮ್ಮ ಮಾತನ್ನು, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ಸಾಕ್ಷ್ಯವೆಂದು ತೆಗೆದುಕೊಳ್ಳಬೇಡಿ.

ಆಗುವುದು ಹೀಗೆ. ತೇಪೆ ಹಾಕಿದ ದಾರಿಯಲ್ಲಿ ಕವಾಟ ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಶ್ವಾಸಕೋಶದ ಕಡೆಗೆ ಹೋದ ರಕ್ತದಲ್ಲಿ ಒಂದು ಪಾಲು ಪ್ರತಿ ಬಡಿತಕ್ಕೂ ಬಲ ಹೃತ್ಕುಕ್ಷಿಗೆ ಮರಳುತ್ತದೆ, ಮತ್ತು ಹೃತ್ಕುಕ್ಷಿ ಆ ಹೆಚ್ಚಿನ ರಕ್ತಕ್ಕೆ ಜಾಗ ಮಾಡಿಕೊಡುತ್ತ ವರ್ಷಗಟ್ಟಲೆ ಸದ್ದಿಲ್ಲದೆ ಹಿಗ್ಗುತ್ತದೆ. ಹೃದಯದೊಳಗೆ ಈ ದೋಷವನ್ನು ಮೊದಲ ಬಾರಿ ಸರಿಪಡಿಸಿದ್ದು 1954ರಲ್ಲಿ. ಆಮೇಲೆ ಬಹುಕಾಲ ಈ ಸೋರಿಕೆ ನಿರುಪದ್ರವಿ ಎಂದೇ ಭಾವಿಸಿದ್ದರು. ಆ ತಲೆಮಾರಿನ ಮಕ್ಕಳು ದೊಡ್ಡವರಾಗಿ ಬಳಲತೊಡಗಿದ ಮೇಲೆಯೇ ನಿಜ ತಿಳಿದದ್ದು. ಅವರ ಕಷ್ಟದಿಂದ ಬಂದ ತಿಳಿವಳಿಕೆಯನ್ನು ನಾವು ಬಳಸಿಕೊಳ್ಳದಿದ್ದರೆ ಹೇಗೆ?

ಕವಾಟ ಬದಲಿಸುವ ಮಾತು ಬರುವುದು ಒಂದೇ ಅಂಕಿಯಿಂದಲ್ಲ. ಆದರೂ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ, ಬಲ ಹೃತ್ಕುಕ್ಷಿ ತುಂಬಿದಾಗ ಸುಮಾರು 150–160 ಮಿಲಿಲೀಟರ್, ಕುಗ್ಗಿದಾಗ 80 ಮಿಲಿಲೀಟರ್ ಮೀರಿದರೆ ವೈದ್ಯರು ಗಂಭೀರವಾಗಿ ಯೋಚಿಸತೊಡಗುತ್ತಾರೆ, ಏಕೆಂದರೆ ಅದನ್ನೂ ದಾಟಿ ಕಾದರೆ ಹೊಸ ಕವಾಟ ಹಾಕಿದರೂ ಹೃತ್ಕುಕ್ಷಿ ಹಳೆಯ ಅಳತೆಗೆ ಮರಳದಿರಬಹುದು. ತುಂಬಿದಾಗಿನ ಅಳತೆ ನನ್ನದು 168 ಇತ್ತು. ಕವಾಟ ಹಾಕಿಸಿಕೊಂಡ ಮರುವರ್ಷ 112ಕ್ಕೆ ಇಳಿಯಿತು. ಇ.ಸಿ.ಜಿ.ಯಲ್ಲಿ ಕ್ಯೂ.ಆರ್.ಎಸ್. ಎಂಬ ಅಲೆಯ ಅಗಲವನ್ನೂ ಪ್ರತಿಸಲ ಬರೆದಿಡಿ. ಅದು 180 ಮಿಲಿಸೆಕೆಂಡ್ ಮುಟ್ಟಿದವರಲ್ಲಿ ಅಪಾಯಕಾರಿ ಲಯದೋಷದ ಸಾಧ್ಯತೆ ಹೆಚ್ಚು.

ಎಕೋ ತಂತ್ರಜ್ಞರ ಉತ್ತರ

ನಾನು ದಿನವೂ ಮಾಡುವ ಪರೀಕ್ಷೆಯ ಮಿತಿಯನ್ನು ನಾನೇ ಹೇಳುವುದು ಸರಿ. ಎಡ ಹೃತ್ಕುಕ್ಷಿಯ ಆಕಾರ ಕ್ರಮಬದ್ಧವಾಗಿರುವುದರಿಂದ ಎರಡು ಕೋನಗಳ ಚಿತ್ರದಿಂದ ಅದರ ಗಾತ್ರ, ಅದು ಪ್ರತಿ ಬಡಿತಕ್ಕೆ ಹೊರದೂಡುವ ಪಾಲು ಎರಡನ್ನೂ ಲೆಕ್ಕ ಹಾಕಬಹುದು. ಬಲ ಹೃತ್ಕುಕ್ಷಿಯಾದರೋ ಅರ್ಧಚಂದ್ರದಂತೆ ಎಡದ್ದನ್ನು ಅಪ್ಪಿಕೊಂಡು, ಎದೆಮೂಳೆಯ ಹಿಂದೆ ಅಡಗಿರುತ್ತದೆ. ಅಲ್ಲಿ ‘ಕಾರ್ಯ ಚೆನ್ನಾಗಿದೆ’ ಎಂಬುದು ಎಷ್ಟೋ ಬಾರಿ ಕಣ್ಣಂದಾಜು. ಅದರ ಗಾತ್ರವನ್ನು ಸರಿಯಾಗಿ ಅಳೆಯಲೆಂದೇ ಎಂ.ಆರ್.ಐ. ಹೇಳುವುದು. ಎಕೋದಲ್ಲಿ ನಾವು ಬಲ ಹೃತ್ಕುಕ್ಷಿಯ ಬಾಗಿಲಲ್ಲಿರುವ ಕವಾಟದ ಉಂಗುರ ಎಷ್ಟು ಮಿಲಿಮೀಟರ್ ಚಲಿಸುತ್ತದೆ ಎಂದು ಅಳೆಯುತ್ತೇವೆ. ಸಾಮಾನ್ಯ ವಯಸ್ಕರಲ್ಲಿ 17ಕ್ಕಿಂತ ಕಡಿಮೆಯಾದರೆ ಅಸಹಜ. ಆದರೆ ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಈ ಚಲನೆ ಹೇಗೂ ತಗ್ಗುವುದರಿಂದ, ಆ ಗೆರೆಗಿಂತ ಅದೇ ರೋಗಿಯ ಹಿಂದಿನ ಅಂಕಿಯೇ ಒಳ್ಳೆಯ ಅಳತೆಗೋಲು. ಸ್ನಾಯುವಿನ ಎಳೆತವನ್ನು ಅಳೆಯುವ ‘ಸ್ಟ್ರೇನ್’ ವಿಧಾನ ಲಭ್ಯವಿದ್ದರೆ ಕೇಳಿ. ಹೊರದೂಡುವ ಪಾಲು ಕುಸಿಯುವ ಮೊದಲೇ ಅದು ಬದಲಾವಣೆಯನ್ನು ತೋರಿಸಬಲ್ಲದು, ಆದರೆ ಒಂದು ಯಂತ್ರದ ಅಂಕಿಯನ್ನು ಇನ್ನೊಂದರ ಅಂಕಿಯೊಂದಿಗೆ ಹೋಲಿಸಬಾರದು.

ಬೆಳೆಯುವ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಮಗುವಿನೊಂದಿಗೆ ಹೃದಯವೂ ಬೆಳೆಯುತ್ತದೆ. ಎತ್ತರ, ತೂಕಕ್ಕೆ ಹೊಂದಿಸದ ಸೆಂಟಿಮೀಟರುಗಳು ತಂದೆತಾಯಿಯರನ್ನು ಸುಮ್ಮನೆ ಹೆದರಿಸುತ್ತವೆ ಇಲ್ಲವೇ ಸುಮ್ಮನೆ ಸಮಾಧಾನಪಡಿಸುತ್ತವೆ. ಹಾಗೆಯೇ ಎಡ ಹೃತ್ಕುಕ್ಷಿಯ ಸಾಲನ್ನೂ ಓದಿ. ಎರಡಕ್ಕೂ ನಡುಗೋಡೆ ಒಂದೇ ಆದ್ದರಿಂದ ಬಲಗಡೆಯ ಹೊರೆ ಎಡಕ್ಕೂ ತಟ್ಟುತ್ತದೆ.

ಮಹಾಧಮನಿಯ ಕಿರಿದಾದ ಭಾಗವನ್ನು ಸರಿಪಡಿಸಿದ ಹುಡುಗನ ತಂದೆಯ ಉತ್ತರ

ನಮ್ಮ ದೋಷ ಬೇರೆ, ಆದ್ದರಿಂದ ನೋಡಬೇಕಾದದ್ದೂ ಬೇರೆ. ರಕ್ತದೊತ್ತಡವನ್ನು ಬಲಗೈಯಲ್ಲಿ ಮತ್ತು ಕಾಲಿನಲ್ಲಿ ಅಳೆಯಿಸುತ್ತೇವೆ; ಶಸ್ತ್ರಚಿಕಿತ್ಸೆಯಲ್ಲಿ ಎಡಗೈಯ ಧಮನಿಯನ್ನೇ ಬಳಸಿಕೊಂಡಿದ್ದರಿಂದ ಆ ಕೈಯ ಅಂಕಿಯನ್ನು ನಂಬುವಂತಿಲ್ಲ. ಇದನ್ನು ಪ್ರತಿಸಲ ನಾವೇ ಹೇಳಬೇಕಾಗುತ್ತದೆ. ದುರಸ್ತಿ ಚೆನ್ನಾಗಿದ್ದರೂ ಒತ್ತಡ ಮುಂದೆ ಏರಬಹುದೆಂದು 24 ಗಂಟೆಯ ಮಾಪನವನ್ನೂ ಮಾಡಿಸಿದ್ದೇವೆ. ನಿಮ್ಮ ಮಗಳಿಗೆ ಇದು ಅನ್ವಯಿಸದು, ಆದರೆ ಶಸ್ತ್ರಚಿಕಿತ್ಸೆಯ ಮೂಲ ಟಿಪ್ಪಣಿಯ ಪ್ರತಿಯನ್ನು ಇಂದೇ ಹುಡುಕಿ ತೆಗೆದಿಡಿ.

12 ವರ್ಷದ ಬಾಲಕನ ತಾಯಿಯ ಉತ್ತರ

ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ. ನಮ್ಮದು ಸುಮಾರು ಒಂದು ಗಂಟೆ ಹಿಡಿಯಿತು. ಕಷ್ಟವಾದದ್ದು ಶಬ್ದ, ಮತ್ತು ಮತ್ತೆ ಮತ್ತೆ ಉಸಿರು ಬಿಗಿಹಿಡಿಯುವುದು. ಮನೆಯಲ್ಲಿ ಮಲಗಿಸಿ ಹತ್ತು ಹದಿನೈದು ಸೆಕೆಂಡ್ ಉಸಿರು ಹಿಡಿಯುವುದನ್ನು ಒಂದು ವಾರ ಅಭ್ಯಾಸ ಮಾಡಿಸಿದ್ದರಿಂದ ಅರಿವಳಿಕೆ ಬೇಕಾಗಲಿಲ್ಲ. ದೇಹದೊಳಗಿನ ಲೋಹದ ಬಗ್ಗೆ, ಎದೆಮೂಳೆಯ ತಂತಿಯನ್ನೂ ಸೇರಿಸಿ, ಮೊದಲೇ ತಿಳಿಸಿ. ಆ ತಂತಿ ಸಾಮಾನ್ಯವಾಗಿ ಅಡ್ಡಿಯಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಒಂಬತ್ತು ವರ್ಷಗಳ ವರದಿಗಳನ್ನು ಸಾಲಾಗಿ ಹರಡಿ ನೋಡಿದೆ. ನಾಲ್ಕರಲ್ಲಿ ಬಲ ಹೃತ್ಕುಕ್ಷಿಯ ಅಳತೆಯನ್ನೇ ಬರೆದಿಲ್ಲ, ‘ಚೆನ್ನಾಗಿದೆ’ ಎಂದಷ್ಟೇ ಇದೆ. ಇಷ್ಟು ವರ್ಷ ನಾನು ಆ ಒಂದು ಪದವನ್ನೇ ಓದಿ ಮಡಚಿಡುತ್ತಿದ್ದೆ. ಎಂ.ಆರ್.ಐ.ಗೆ ದಿನ ಗೊತ್ತುಮಾಡಿದ್ದೇವೆ. ಮಗಳು ಇಂದಿನಿಂದ ಉಸಿರು ಹಿಡಿಯುವ ಅಭ್ಯಾಸ ಶುರುಮಾಡಿದ್ದಾಳೆ.