ಟಾಂಜಾನಿಯಾದ ಹಳ್ಳಿ ಸ್ಕೂಲಿಗೆ ವಾಲಂಟಿಯರ್ ಟೀಚರಾಗಿ ಹೊಂಟೀನಿ, ಹೋಗಿ ಬಂದವ್ರು ಯಾರರ ಇದ್ರ ಹೇಳ್ರಿ

ಮಸ್ಕಿ ಮ್ಯಾಥ್ಸ್ ಟೀಚರ್
ನಮಸ್ಕಾರ ಎಲ್ರಿಗೂ. ನಾನು ಮಸ್ಕಿ ಹತ್ರ ಒಂದು ಹಳ್ಳಿಯಾಕಿ, ಬಿಎಸ್ಸಿ ಬಿಎಡ್ ಆಗ್ಯದ, ಈಗ ರಾಯಚೂರಾಗ ಪ್ರೈವೇಟ್ ಹೈಸ್ಕೂಲ್‌ದಾಗ ಗಣಿತ ಹೇಳ್ತೀನಿ. ಟಾಂಜಾನಿಯಾದ ಸಿಂಗಿಡಾ ಕಡೆ ಒಂದು ಹಳ್ಳಿ ಸೆಕೆಂಡರಿ ಸ್ಕೂಲಿಗೆ ಸೆಲೆಕ್ಟ್ ಆಗೀನಿ, ಪಗಾರ ಇಲ್ಲ, ಇರ್ಲಿಕ್ಕೆ ಮನಿ ಊಟದ ಖರ್ಚು ಅಷ್ಟ ಕೊಡ್ತಾರಂತ. ಅವ್ವ ಮಾತ್ರ ಒಂದೇ ಸಮನೆ ಅಲ್ಲಿ ಏನ್ ತಿಂತಿ, ಕತ್ತಲಾದ್ರ ಏನ್ ಮಾಡ್ತಿ ಅಂತ ಬೆನ್ನ ಹತ್ಯಾಳ. ನಾವು ತತ್ತಿ ಸುದ್ದಾ ತಿನ್ನಂಗಿಲ್ಲ. ನೀರು, ಕರೆಂಟು ಹೆಂಗಿರ್ತಾವ, ಒಬ್ಬಾಕಿನೇ ಇರೋದು ಆಗ್ತದೇನ್ರಿ? ಗೂಗಲ್ ಮಾಡಿದ್ರ ಬರೇ ಸಫಾರಿ ಪ್ಯಾಕೇಜ್ ಬರ್ಲಿಕತ್ತಾವ.

ಕುಷ್ಟಗಿ ಮೇಷ್ಟ್ರು
ತಂಗಿ, ನಾನು ಡೊಡೊಮಾ ಸೀಮ್ಯಾಗ ಇದ್ದು ಬಂದಾಂವ, ಸಿಂಗಿಡಾ ಅದರ ಮಗ್ಗಲದಾಗ ಐತಿ. ಊಟದ ಚಿಂತಿ ಬಿಡು. ಆ ಕಡೆ ಮಳಿ ಕಮ್ಮಿ, ಜೋಳ ಸಜ್ಜಿ ಶೇಂಗಾ ಸೂರ್ಯಕಾಂತಿ ಎಲ್ಲಾ ಬೆಳಿತಾರ, ಆದ್ರ ರೊಟ್ಟಿ ಬಡಿಯೂದು ಮಾತ್ರ ಯಾರಿಗೂ ಗೊತ್ತಿಲ್ಲ, ನೀ ಬಡಿಯಾಕ ಕುಂತರ ಓಣಿ ಓಣಿನೇ ಬಂದು ನಿಂದರ್ತೈತಿ ನೋಡು. ಅವ್ರದು ಉಗಾಲಿ, ಗೋಂಜಾಳ ಹಿಟ್ಟಿನ ಗಟ್ಟಿ ಮುದ್ದಿ, ಒಂದು ತುತ್ತು ಮುರಕೊಂಡು ಅಂಗೈಯಾಗ ಉಂಡಿ ಮಾಡಿ ಹೆಬ್ಬಟ್ಟಿಲೆ ಕುಣಿ ಒತ್ತಿ ಅದರಾಗ ಪಲ್ಯ ತುಂಬಕೊಂಡು ಉಣ್ಣೂದು. ಉಣ್ಣೂಕಿಂತ ಮೊದ್ಲ ಮನಿ ಹುಡುಗಿ ತಂಬಿಗಿ, ಬೋಗಾಣಿ ಹಿಡಕೊಂಡು ಬಂದು ಒಬ್ಬೊಬ್ಬರ ಕೈಗೂ ನೀರ ಹಾಕ್ತಾಳ. ಕಾಳು ಸೊಪ್ಪು ಬೇಕಾದಷ್ಟು ಸಿಗ್ತಾವ. ಒಂದ ಮಾತು, ಬರೇ ಮಾಂಸ ಬ್ಯಾಡ ಅಂದಿ ಅಂದ್ರ ದಗಾ ಅಂತ ಸಣ್ಣ ಒಣಮೀನ ತಂದಿಡ್ತಾರ, ಮೀನೂ ಬ್ಯಾಡ ಅಂತ ಬಿಡಿಸಿ ಹೇಳು. ಶೇಂಗಾ ಹಿಂಡಿ ಗುರೆಳ್ಳು ಪುಡಿ ಡಬ್ಬ್ಯಾಗ ಒಯ್ಯಿ, ಅಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬ್ಯಾನ್ ಐತಿ.

ಬಿಸಿಲು ನಮ್ಮಷ್ಟು ಇಲ್ಲ, ಎತ್ತರದ ಸೀಮಿ, ಜೂನ್ ಜುಲೈ ರಾತ್ರಿ ಸ್ವೆಟರ್ ಬೇಕಾಗ್ತೈತಿ. ನೀರು ಹೊರೂದು, ಕರೆಂಟ್ ಹೋಗೂದು ಮಸ್ಕಿಯಾಕಿಗೆ ನಾ ಏನ ಹೇಳ್ಲಿ.

ಗಂಟಿ ಲೆಕ್ಕ ಮಾತ್ರ ಮೊದ್ಲ ಕಲಿ. ಅಲ್ಲಿಯ ಭಾಷಾ ಸ್ವಾಹಿಲಿ, ಅದರೊಳಗ ಹೊತ್ತು ಹುಟ್ಟಿದ ಮ್ಯಾಲಿಂದ ಎಣಸ್ತಾರ, ನಮ್ಮ ಮುಂಜಾನಿ 7 ಅಂದ್ರ ಅವ್ರಿಗೆ 1, ಹೆಡ್‌ಮಾಸ್ಟರ್ ನಾಕಕ್ಕ ಮೀಟಿಂಗ್ ಅಂದ್ರ ನಮ್ಮ 10 ಗಂಟಿಗೆ ಹಾಜರಿರಬೇಕು.

ಖರೇ ಕಷ್ಟ ಇರೂದು ಕ್ಲಾಸಿನಾಗ. ಪ್ರೈಮರಿ ಪೂರ್ತಿ ಸ್ವಾಹಿಲಿ ಮೀಡಿಯಂ, ಸೆಕೆಂಡರಿ ಫಾರ್ಮ್ ಒನ್‌ಗೆ ಬಂದ ಕೂಡ್ಲೇ ಎಲ್ಲಾ ಇಂಗ್ಲಿಷ್. ಎಸ್ಸೆಸ್ಸೆಲ್ಸಿ ಕನ್ನಡದಾಗ ಮುಗಿಸಿ ಪಿಯುಸಿ ಸೈನ್ಸ್‌ನಾಗ ಹೋಗಿ ಕುಂತವ್ರಿಗೆ ಇದು ಬಿಡಿಸಿ ಹೇಳೂದು ಬ್ಯಾಡ. ತಿಳೀತಾ ಅಂತ ಕೇಳಿದ್ರ ಇಡೀ ಕ್ಲಾಸು ಎಸ್ ಅಂತೈತಿ, ನೋಟ್‌ಬುಕ್ ತಗದು ನೋಡಿದ್ರ ಬೋರ್ಡ್ ಮ್ಯಾಲಿಂದು ಇದ್ದಂಗ ಇಳಿಸಿರ್ತಾರ, ಒಂದು ಲೆಕ್ಕಾನೂ ಮುಂದ ಹೋಗಿರಂಗಿಲ್ಲ. ನಾ ಏನ್ ಮಾಡ್ತಿದ್ದೆ ಅಂದ್ರ ಅಲ್ಲಿಯ ಮೇಷ್ಟ್ರು ಒಬ್ಬರನ್ನ ಹಿಡಕೊಂಡು ನಾಳಿನ ಪಾಠದ ಶಬ್ದ ಹಿಂದಿನ ದಿನಾನೇ ಸ್ವಾಹಿಲಿಯಾಗ ಬರಕೊಂಡು ಬೋರ್ಡಿನ ಮೂಲ್ಯಾಗ ಹಾಕ್ತಿದ್ದೆ, ಅರ್ಧಕ್ಕ ನುಸು, ಕಾಲಿಗೆ ರೋಬೋ, ಹಿಂಗ. ನನ್ನ ಉಚ್ಚಾರ ಕೇಳಿ ಹುಡುಗ್ರು ನಗತಿದ್ರು, ನಕ್ಕ ಮ್ಯಾಲೆ ಬಾಯಿ ಬಿಟ್ಟು ಪ್ರಶ್ನೆ ಕೇಳಾಕ ಶುರು ಮಾಡಿದ್ರು. ಭಾಷಾ ಕಲೀದ ಹೋದ್ರ ಊರಾಗ ಇದ್ದೂ ಇಲ್ಲದಂಗ ಆಗ್ತಿ.

ಗಂಗಾವತಿ ಗೌಡ
ನಮ್ಮ ಕಡೆ ಸ್ಕೂಲಿನಾಗೇ ಮೇಷ್ಟ್ರಿಲ್ಲ, ಅಷ್ಟು ದೂರ ಹೋಗಿ ಪುಕ್ಕಟೆ ಕಲಿಸೋದು ಯಾವ ಸುಖಕ್ಕೋ?

ಬಳ್ಳಾರಿ ಬಿಸಿಲು
ಗೌಡ್ರೇ, ಅಕ್ಕ ಕೇಳಿದ್ದು ಹೋಗ್ಲೋ ಬ್ಯಾಡೋ ಅಂತ ಅಲ್ಲ ಕಣ್ರೀ.

ನಾನೂ ಹೆಣ್ಮಗಳೇ, ಒಂದು ವರ್ಷ ಇದ್ದೆ. ಹೆದರಿಕೆಗಿಂತ ಸಂಜೆ ಹೊತ್ತು ಕಳಿಯೋದೇ ಕಷ್ಟ, ಏಳು ಗಂಟೆಗೆಲ್ಲ ಕತ್ತಲು, ನೆಟ್‌ವರ್ಕ್ ಬಂದ್ರೆ ಬಂತು, ಅಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ ಆದ್ದರಿಂದ ನಾನು ಫ್ರೀ ಆಗೋ ಹೊತ್ತಿಗೆ ಮನೇಲಿ ಎಲ್ರೂ ಮಲಗಿರ್ತಿದ್ರು. ಪಕ್ಕದ ಮನೆ ಅಜ್ಜಿ ಇದ್ದಲಿ ಒಲೆ ಹತ್ರ ಹೋಗಿ ಕೂತ್ಕೊಳ್ಳೋದು ಅಭ್ಯಾಸ ಮಾಡ್ಕೊಂಡೆ, ಕಾಳು ಆರಿಸಿಕೊಡ್ತಾ ಕೊಡ್ತಾನೇ ಅರ್ಧ ಭಾಷೆ ಬಂತು. ದೊಡ್ಡೋರು ಎದುರಾದ್ರೆ ಶಿಕಮೂ ಅನ್ನು, ಅನ್ನದೆ ದಾಟಿ ಹೋದ್ರೆ ಸೊಕ್ಕು ಅಂದ್ಕೊತಾರೆ.

ಇನ್ನೊಂದು, ಅಲ್ಲಿ ಇಂಡಿಯಾದೋರು ಅಂದ್ರೆ ಅಂಗಡಿ ಮಾಲೀಕರು, ದುಡ್ಡಿರೋರು ಅಂತಾನೇ ಲೆಕ್ಕ. ಫೀಸು ಕಟ್ಟು, ಫೋನ್ ಕೊಡ್ಸು ಅಂತ ಕೇಳ್ತಾರೆ, ಒಬ್ರಿಗೆ ಕೊಟ್ರೆ ಮುಗೀತು, ಸ್ಕೂಲಿಗೆ ಅಂತ ಏನಾದ್ರೂ ಕೊಡೋದಿದ್ರೆ ಕೊಡು, ಕೈಯಿಂದ ಕೈಗೆ ಬ್ಯಾಡ.

ಬೆತ್ತ! ಇದನ್ನ ಯಾರೂ ಮೊದ್ಲೇ ಹೇಳಲ್ಲ. ನಮ್ಮಲ್ಲಿ 2009ರ ಆರ್‌ಟಿಇ ಪ್ರಕಾರ ಮಕ್ಕಳಿಗೆ ಹೊಡಿಯೋ ಹಂಗಿಲ್ಲ, ಅಲ್ಲಿ ಸ್ಕೂಲಲ್ಲಿ ಬೆತ್ತಕ್ಕೆ ಕಾನೂನೇ ಒಪ್ಪಿಗೆ ಕೊಟ್ಟೈತೆ. ನಾನು ಸ್ಟಾಫ್ ರೂಮಲ್ಲಿ ಭಾಷಣ ಮಾಡಲಿಲ್ಲ, ನನ್ನ ಕ್ಲಾಸಿನ ಹುಡುಗ್ರನ್ನ ನನ್ನ ಹತ್ರಾನೇ ಕಳಿಸಿ ಅಂತ ಹೆಡ್‌ಮಾಸ್ಟರ್‌ಗೆ ಒಬ್ರೇ ಇದ್ದಾಗ ಕೇಳ್ಕೊಂಡೆ, ಅಷ್ಟು ನಡೀತು. ಅದಕ್ಕಿಂತ ಜಾಸ್ತಿ ಹೊರಗಿಂದ ಬಂದೋಳ ಕೈಲಿ ಆಗಲ್ಲ ಅನ್ಸುತ್ತೆ, ಬೇರೆಯೋರು ಒಪ್ಪದೇ ಇರಬಹುದು.

ಸೊಳ್ಳೆ ಪರದೆ ಬಿಟ್ಟು ಮಲಗಬ್ಯಾಡ, ಜ್ವರ ಬಂದ ದಿನಾನೇ ಮಲೇರಿಯಾ ಟೆಸ್ಟ್ ಮಾಡಿಸು. ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ನೋಡೋಣ ಅಂದ್ರೆ ಒಪ್ಕೋಬ್ಯಾಡ, ವಾಲಂಟಿಯರ್‌ಗೆ ಕ್ಲಾಸ್ ಸಿ ರೆಸಿಡೆನ್ಸ್ ಪರ್ಮಿಟ್ ಬೇಕು.

ಕುಷ್ಟಗಿ ಮೇಷ್ಟ್ರು
ಅಲ್ಲಿ ಸ್ಕೂಲು ಶುರುವಾಗೂದು ಜನವರಿಗೆ. ನಡುವ ಹೋಗಿ ನಡುವ ಬಂದ್ರ ಹುಡುಗ್ರಿಗೆ ಏನೂ ಉಪಯೋಗಿಲ್ಲ, ಹೋದ್ರ ಪೂರ್ತಿ ವರ್ಷ ಹೋಗು.

ಮಸ್ಕಿ ಮ್ಯಾಥ್ಸ್ ಟೀಚರ್
ಭಾಳ ಉಪಕಾರ ಆತ್ರಿ ಇಬ್ರಿಗೂ. ಅವ್ರು ಆಗಸ್ಟ್‌ಗೇ ಬಾ ಅಂದಾರ, ಜನವರಿಗೆ ಬರ್ತೀನಂತ ಬರೀತೀನಿ, ಬೆತ್ತದ್ದೂ ಅದ್ರಾಗೇ ಕೇಳ್ತೀನಿ. ಪರ್ಮಿಟ್ ಫೀ ನಿಮಗ ಸ್ಕೂಲಿನವ್ರು ಕಟ್ಟಿದ್ರಾ, ನೀವೇ ಕಟ್ಟಿದ್ರಾ? ಮತ್ತ ರೊಟ್ಟಿ ಹಂಚು ಲಗೇಜ್‌ದಾಗ ಹಾಕಿದ್ರ ನಡೀತದಲ್ರಿ?