ಬಣ್ಣದ ನೀರಿಗೆ ಬ್ಯಾಕ್ಟೀರಿಯಾ ಮಣಿಗಳು: ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ, ಡೊಂಬಿವಲಿಯಿಂದ:
ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಆಲ್ಜಿನೇಟ್ (ಕಡಲಪಾಚಿಯಿಂದ ಸಿಗುವ, ಕ್ಯಾಲ್ಸಿಯಂ ಸೇರಿದರೆ ಗಟ್ಟಿಯಾಗುವ ಅಂಟು) ಮಣಿಗಳಲ್ಲಿ ಬ್ಯಾಕ್ಟೀರಿಯಾವನ್ನೂ ಇದ್ದಿಲ ಪುಡಿಯನ್ನೂ ಸೇರಿಸಿ ಬಟ್ಟೆ ಬಣ್ಣದ ನೀರನ್ನು ತಿಳಿಗೊಳಿಸಲು ಪ್ರಯತ್ನಿಸುತ್ತಿದ್ದೇನೆ. ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ ಕಾಂಗೋ ರೆಡ್ ಎಂಬ ಕೆಂಪು ಅಜೋ ಬಣ್ಣ (ಎರಡು ನೈಟ್ರೋಜನ್ ಪರಮಾಣುಗಳ ಜೋಡಿಬಂಧ ಇರುವಂಥದ್ದು) ಚೆನ್ನಾಗಿ ಹೋಗುತ್ತದೆ. ಭಿವಂಡಿಯ ಘಟಕವೊಂದರ ನೀರಿಗೆ ಹಾಕಿದರೆ ಮಣಿಗಳು ಊದಿಕೊಂಡು ಲೋಳೆಯಾಗುತ್ತವೆ. ಬಣ್ಣ ತೆಗೆದದ್ದು ಬ್ಯಾಕ್ಟೀರಿಯಾವೋ ಇದ್ದಿಲೋ ಎಂದು ಗೈಡ್ ಕೇಳುತ್ತಿದ್ದಾರೆ. ದಾರಿ ತೋರಿಸಿ.

ಭಿವಂಡಿಯ ಡೈಯಿಂಗ್ ಮಾಸ್ಟರ್:
ತಂಗಿ, ಅದು ಯಾವ ಹಂತದ ನೀರು ಎಂದು ಮೊದಲು ವಿಚಾರಿಸಿ. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಿಡಿಸಲು ಲೀಟರಿಗೆ 40ರಿಂದ 80 ಗ್ರಾಂ ಉಪ್ಪು ಹಾಕುತ್ತೇವೆ, ಹೆಚ್ಚಾಗಿ ಗ್ಲಾಬರ್ ಉಪ್ಪು, ಅಂದರೆ ಸೋಡಿಯಂ ಸಲ್ಫೇಟ್. ಮೇಲೆ ಸೋಡಾ ಆ್ಯಶ್. ಪಿಎಚ್ 11ರ ಹತ್ತಿರ. ಬೋರ್‌ವೆಲ್ ನೀರು ಗಡಸಾದರೆ ಕ್ಯಾಲ್ಸಿಯಂ ಹಿಡಿದಿಡುವ ಸೀಕ್ವೆಸ್ಟ್ರಿಂಗ್ ಏಜೆಂಟ್ ಕೂಡ ಬೀಳುತ್ತದೆ. ನಿಮ್ಮ ಮಣಿ ನಿಂತಿರುವುದೇ ಕ್ಯಾಲ್ಸಿಯಂ ಮೇಲೆ. ಅದನ್ನೇ ಕಿತ್ತುಕೊಂಡರೆ ಉಳಿಯುವುದೇನು? ಬಣ್ಣದ ತೊಟ್ಟಿಯ ನೀರು, ತೊಳೆದ ನೀರು, ನೂಲಿಗೆ ಹಾಕಿದ ಗಂಜಿ ತೆಗೆದ ನೀರು, ಮೂರನ್ನೂ ಬೇರೆ ಬೇರೆ ಕ್ಯಾನಿನಲ್ಲಿ ತನ್ನಿ. ಉಲ್ಲಾಸನಗರದ ಜೀನ್ಸ್ ನೀರನ್ನು ಇದರೊಂದಿಗೆ ಬೆರೆಸಬೇಡಿ. ಇಂಡಿಗೊ ಅಜೋ ಬಣ್ಣವಲ್ಲ, ಗಾಳಿ ತಾಗಿದರೆ ಕರಗದ ಕಣವಾಗುತ್ತದೆ. ಅದರ ಲೆಕ್ಕವೇ ಬೇರೆ.

ಮುಲುಂಡಿನ ಅಧ್ಯಾಪಕಿ:
ಮಾಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಉಪ್ಪಿನ ಸೋಡಿಯಂ ಕ್ಯಾಲ್ಸಿಯಮ್ಮಿನ ಜಾಗಕ್ಕೆ ನುಗ್ಗುತ್ತದೆ, ಮಣಿ ಸಡಿಲವಾಗುತ್ತದೆ. ಪಿಎಚ್ ಕಾಯಲು ಫಾಸ್ಫೇಟ್ ಬಫರ್ ಬಳಸುತ್ತಿದ್ದರೆ, ಅದೂ ಕ್ಯಾಲ್ಸಿಯಂ ಕಿತ್ತುಕೊಳ್ಳುವುದರಿಂದ, ಇಂದೇ ಬಿಟ್ಟು ಟ್ರಿಸ್ ಬಫರ್ ಹಿಡಿಯಿರಿ. ಮಣಿ ಗಟ್ಟಿಯಾಗಲೆಂದು ಕೆಲವರು ಬೇರಿಯಂ ಕ್ಲೋರೈಡ್ ಸೂಚಿಸುತ್ತಾರೆ. ಅದು ವಿಷ, ಸಾಲದ್ದಕ್ಕೆ ಗ್ಲಾಬರ್ ಉಪ್ಪಿನ ಸಲ್ಫೇಟ್ ಜೊತೆ ಸೇರಿ ಬೇರಿಯಂ ಸಲ್ಫೇಟಾಗಿ ತಳ ಸೇರುತ್ತದೆ. ಪಾಲಿವಿನೈಲ್ ಆಲ್ಕೋಹಾಲಿಗೆ ಸ್ವಲ್ಪ ಆಲ್ಜಿನೇಟ್ ಬೆರೆಸಿ ಬೋರಿಕ್ ಆಮ್ಲದಲ್ಲಿ ಗಟ್ಟಿಮಾಡುವುದು ಮೇಲು. ಆದರೆ ಬೋರಿಕ್ ಆಮ್ಲ ಜೀವಕೋಶಗಳಿಗೆ ಕೆಡುಕು, ಹೆಚ್ಚು ಹೊತ್ತು ನೆನೆಹಾಕಬಾರದು.

ಗೈಡ್ ಕೇಳಿದ ಪ್ರಶ್ನೆಯೇ ನಿಮ್ಮ ಪ್ರಾಜೆಕ್ಟಿನ ಜೀವಾಳ. ಬರೀ ಆಲ್ಜಿನೇಟ್, ಇದ್ದಿಲು ಮಾತ್ರ, ಜೀವಂತ ಬ್ಯಾಕ್ಟೀರಿಯಾ ಮಾತ್ರ, ಆಟೋಕ್ಲೇವಿನ ಬಿಸಿ ಹಬೆಯಲ್ಲಿ ಸತ್ತ ಬ್ಯಾಕ್ಟೀರಿಯಾ, ಇದ್ದಿಲು ಮತ್ತು ಜೀವಂತ ಬ್ಯಾಕ್ಟೀರಿಯಾ ಎರಡೂ ಸೇರಿದ್ದು: ಇಷ್ಟು ಬಗೆಯ ಮಣಿಗಳು ಅಕ್ಕಪಕ್ಕದಲ್ಲಿರಲಿ. ಇದ್ದಿಲಿಲ್ಲದ ಮಣಿಯನ್ನು ಬ್ಲೇಡಿನಿಂದ ಕೊಯ್ದು ನೋಡಿ. ನೀರು ತಿಳಿಯಾಗಿದ್ದರೂ ಒಳಗೆ ಗಾಢ ಕೆಂಪು ಕುಳಿತಿದ್ದರೆ ಬಣ್ಣ ಜಾಗ ಬದಲಿಸಿದೆ ಅಷ್ಟೇ. ಒಳಗೂ ಬಿಳಿಚಿಕೊಂಡಿದ್ದರೆ ಬ್ಯಾಕ್ಟೀರಿಯಾ ಅದನ್ನು ಮುರಿದಿದೆ ಎನ್ನಲು ಬಲವಾದ ಸುಳಿವು. ಇದ್ದಿಲಿನ ಮಣಿ ಕಪ್ಪಾದ್ದರಿಂದ ಕಣ್ಣಿಗೆ ತಿಳಿಯುವುದಿಲ್ಲ. ಎಥನಾಲಿನಲ್ಲಿ ಅಲ್ಲಾಡಿಸಿ ಬಿಟ್ಟುಕೊಟ್ಟ ಬಣ್ಣವನ್ನು ಅಳೆಯಿರಿ. ಕಾಂಗೋ ರೆಡ್ ಆಮ್ಲದಲ್ಲಿ ನೀಲಿಗೆ ತಿರುಗುತ್ತದೆ, ಆದ್ದರಿಂದ ಪ್ರತಿ ಅಳತೆಗೂ ಪಿಎಚ್ ಒಂದೇ ಇರಬೇಕು.

ಪುಣೆಯಿಂದ, ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿರುವವನು:
ಬಣ್ಣ ಹೋದ ಕೂಡಲೇ ನಿಲ್ಲಿಸಬೇಡಿ, ತಂಗಿ. ಆಮ್ಲಜನಕ ಇಲ್ಲದಿರುವಾಗ ಬ್ಯಾಕ್ಟೀರಿಯಾ ಅಜೋ ಬಂಧವನ್ನು ಕತ್ತರಿಸುತ್ತದೆ, ನೀರು ತಿಳಿಯಾಗುತ್ತದೆ. ಉಳಿಯುವುದು ಬಣ್ಣವಿಲ್ಲದ ಆರೊಮ್ಯಾಟಿಕ್ ಅಮೈನ್‌ಗಳು. ಕಾಂಗೋ ರೆಡ್ಡಿನಿಂದ ಬರುವುದು ಬೆಂಜಿಡಿನ್, ಕ್ಯಾನ್ಸರ್‌ಕಾರಕ. ಕೈಗವಸು ಹಾಕಿಕೊಳ್ಳಿ, ಆ ತಿಳಿನೀರನ್ನು ಸಿಂಕಿಗೆ ಸುರಿಯಬೇಡಿ. ಮೊದಲು ಗಾಳಿಯಾಡದ ಹಂತ, ಆಮೇಲೆ ಗಾಳಿ ಊದುವ ಹಂತ, ಹೀಗೆ ಎರಡು ಬೇಕು. ಎರಡರ ಕೊನೆಯಲ್ಲೂ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಅಳತೆ) ನೋಡಿ, ಸಾಧ್ಯವಾದರೆ ಅಮೈನ್‌ಗಳನ್ನು ಬೇರ್ಪಡಿಸಿ ಗುರುತಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ.

ಇನ್ನೊಂದು ಮಾತು. ಬಣ್ಣವೇ ಬ್ಯಾಕ್ಟೀರಿಯಾಕ್ಕೆ ಸಾಕಷ್ಟು ಆಹಾರವಾಗುವುದಿಲ್ಲ. ಮಾಸ್ಟರ್ ಹೇಳಿದ ಗಂಜಿ ನೀರಿನಲ್ಲಿ ಪಿಷ್ಟ ಇರುತ್ತದೆ. ನಿಮ್ಮ ತಳಿ ಪಿಷ್ಟ ಒಡೆಯಬಲ್ಲದಾದರೆ ಯೀಸ್ಟ್ ಸಾರದ ಬದಲು ಅದನ್ನೇ ಕೊಟ್ಟು ನೋಡಿ. ತಳಿ ಹೊಂದದಿದ್ದರೆ ಪುಣೆಯ ಎನ್‌ಸಿಎಲ್‌ನಲ್ಲಿರುವ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಎನ್‌ಸಿಐಎಂ ಎಂಬ ಸೂಕ್ಷ್ಮಜೀವಿ ಸಂಗ್ರಹಕ್ಕೆ ಕಾಲೇಜಿನ ಪತ್ರದೊಂದಿಗೆ ಬರೆಯಿರಿ.

ಭಿವಂಡಿಯ ಮಾಸ್ಟರ್ ಮತ್ತೆ:
ಗಂಜಿ ನೀರು ಬೇಗ ಹುಳಿಯುತ್ತದೆ. ತಂದ ದಿನವೇ ಬಳಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ.